ಅಜ್ಜಿಯ ಸೆರಗಿನಲ್ಲಿ ಉಳಿದ ಜೋಳ

ಮೊನ್ನೆ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ನಡುವೆ ಒಂದು ತೊಗರಿ ಕಾಳು ಸಿಕ್ಕಿತು. ಒಬ್ಬಳೇ ನಕ್ಕೆ. ಎಪ್ಪತ್ತು ದಾಟಿದ ಹೆಂಗಸು ಒಬ್ಬಳೇ ನಕ್ಕರೆ ಮನೆಯವರಿಗೆ ಗಾಬರಿ. ನಮ್ಮ ಯಜಮಾನರು ಪೇಪರ್ ಕೆಳಗಿಳಿಸಿ ನೋಡಿ, ಮತ್ತೆ ಏರಿಸಿಕೊಂಡರು. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ.

ನಮ್ಮ ಅಜ್ಜಿ ಮಾರ್ತವ್ವ ಕಮಲಾಪುರದವಳು. ನಿಜಾಮರ ಕಾಲ. ಹೊಲದ ಕೂಲಿ ಅವಳ ಕೆಲಸ. ಅವಳಂಥವರನ್ನು ಆಗ ಯಾರು ಏನು ಕೇಳುತ್ತಿದ್ದರು? ಮೇಲಿಂದ ಫರ್ಮಾನು ಬರುತ್ತಿತ್ತು, ಕೆಳಗಿನವರು ಹೂಂ ಅನ್ನುತ್ತಿದ್ದರು. ಆದರೆ ನಮ್ಮ ಪ್ರಾರ್ಥನಾ ಮನೆಯಲ್ಲಿ ಮಾತ್ರ ಸಭೆಯ ಹಿರಿಯನನ್ನು ಜನರೇ ಆರಿಸಬೇಕು, ಹೆಂಗಸರೂ ಆರಿಸಬೇಕು ಎಂದು ಪಾದ್ರಿಗಳು ಹಟ ಹಿಡಿದರು. ಯೇಸುಸ್ವಾಮಿಯ ಮುಂದೆ ಎಲ್ಲರದೂ ಒಂದೇ ತೂಕ ಅಂದರಂತೆ. ಈ ಮಾತು ಹೇಳುವಾಗ ಅಜ್ಜಿಯ ಬೆನ್ನು ನೆಟ್ಟಗಾಗುತ್ತಿತ್ತು. ಉಳಿದ ವೇಳೆ, ಪಾಪ, ಬಾಗಿಯೇ ಇರುತ್ತಿತ್ತು.

ನಿಂತವರು ಇಬ್ಬರು. ಒಬ್ಬರು ಮಹಾಗಾಂವದಿಂದ ಬಂದು ನೆಲೆಸಿದ ದರ್ಜಿ ಸಿಮೋನಪ್ಪ. ಇನ್ನೊಬ್ಬರು ಸಾಕ್ಷಾತ್ ನಮ್ಮ ಅಜ್ಜ! ಪ್ರಾರ್ಥನಾ ಮನೆಯ ಶಾಲೆಯಲ್ಲಿ ಹುಡುಗಿಯರನ್ನು ಕೂರಿಸಬೇಕೋ ಬೇಡವೋ ಎಂಬುದು ಹಿರಿಯನ ಕೈಯಲ್ಲಿತ್ತು. ಸಿಮೋನಪ್ಪ ಕೂರಿಸೋಣ ಅಂದಿದ್ದರು. ನಮ್ಮ ಅಜ್ಜ, "ಹೆಣ್ಣಮಕ್ಕಳು ಓದಿ ಏನ್ ತಹಶೀಲ್ದಾರ ಆಗ್ತಾರೇನು?" ಅಂದಿದ್ದರು. ಆಗ ನನ್ನ ಅವ್ವನಿಗೆ ಎಂಟು ವರ್ಷ. ಶಾಲೆಯ ಕಿಟಕಿಯ ಹೊರಗೆ ನಿಂತು ಮಗ್ಗಿ ಕಲಿಯುತ್ತಿದ್ದಳು.

ಆರಿಸುವ ದಿನ ಒಬ್ಬೊಬ್ಬರ ಕೈಗೂ ಒಂದು ಜೋಳದ ಕಾಳು, ಒಂದು ತೊಗರಿ ಕಾಳು ಕೊಟ್ಟರು. ಜೋಳ ಅಜ್ಜನಿಗೆ, ತೊಗರಿ ಸಿಮೋನಪ್ಪನಿಗೆ. ಪರದೆಯ ಹಿಂದೆ ಹೋಗಿ, ಮನಸ್ಸಿನಲ್ಲೇ ಪ್ರಾರ್ಥಿಸಿ, ಬೇಕಾದ ಕಾಳನ್ನು ಗಡಿಗೆಗೆ ಹಾಕಬೇಕು. ಉಳಿದದ್ದನ್ನು ಹಿತ್ತಿಲಿನ ಕೋಳಿಗಳಿಗೆ ಎಸೆಯಬೇಕು. ಅಜ್ಜ ಸೋತರು. ಅದೂ ಒಂದೇ ಒಂದು ಕಾಳಿನಿಂದ.

ಮನೆಗೆ ಬಂದ ಅಜ್ಜಿ ಎಲೆ ಅಡಿಕೆಗೆಂದು ಸೆರಗಿನ ಗಂಟು ಬಿಚ್ಚಿದಳು. ಜೋಳದ ಕಾಳು ಅಜ್ಜನ ಮುಂದೆಯೇ ಬಿತ್ತು. ಉಣ್ಣುವ ಕಾಳನ್ನು ಎಸೆಯಲು ಕೈ ಬಾರದೆ ಕಟ್ಟಿಕೊಂಡು ಬಂದಿದ್ದಳು ಪುಣ್ಯಾತ್ಗಿತ್ತಿ!

"ಇದು ನಂದಲ್ಲೇನು?" ಅಂದರು ಅಜ್ಜ.

"ಹೌದ್ರೀ, ನಿಮ್ದೇ."

"ಮನ್ಯಾಗಿನಾಕೀನೇ ನನ್ ಮಾನ ಕಳದ್ಯಲ್ಲ!"

"ಗಂಡನ್ನ ನಮ್ಮಪ್ಪ ಆರಿಸಿದ, ನಾ ತುಟಿ ಪಿಟಕ್ ಅನ್ಲಿಲ್ಲ. ಹಿರಿಯನ್ನ ಆರಿಸು ಅಂತ ನನಗ ಕೇಳ್ಯಾರ. ದೇವರ ಹೆಸರ ತಗೊಂಡು ಮನಸಿಗಿಲ್ಲದ ಕಾಳ ಹ್ಯಾಂಗ ಹಾಕ್ಲಿ? ನಮ್ ಹುಡುಗಿ ಓದಬೇಕ್ರೀ."

ಅಜ್ಜ ಮೂರು ದಿನ ಮುನಿಸಿಕೊಂಡು ಜಗಲಿಯ ಮೇಲೆಯೇ ಮಲಗಿದರು. ಊಟ ಮಾತ್ರ ಬಿಡಲಿಲ್ಲ ಅನ್ನಿ. ನಾಲ್ಕನೆಯ ದಿನ ತಾವೇ ಅವ್ವನ ಕೈ ಹಿಡಿದು ಶಾಲೆಯೊಳಗೆ ಕೂರಿಸಿ ಬಂದರು. ಮುಂದೆ ಅವ್ವ ಕಲಬುರಗಿಯಲ್ಲಿ ಟೀಚರ್ ಆದಳು. ಸೋಲಿಸಿದ ಅಜ್ಜಿಯ ಮೇಲೂ, ಸೋತು ತಿದ್ದಿಕೊಂಡ ಅಜ್ಜನ ಮೇಲೂ ನನಗೆ ಬೆಟ್ಟದಷ್ಟು ಹೆಮ್ಮೆ.

ಇಂಥವಳ ಮೊಮ್ಮಗಳು ನಾನು, ಐವತ್ತು ವರ್ಷ ಯಜಮಾನರು ಹೇಳಿದ ಗುರುತಿಗೇ ಓಟು ಹಾಕುತ್ತ ಬಂದವಳು! ಯೋಚಿಸುವ ತೊಂದರೆ ತಪ್ಪಿತಲ್ಲ ಎಂಬ ಸಮಾಧಾನ ಬೇರೆ. ನಾಚಿಕೆಯಾಗಬೇಕು ನನಗೆ.

ನಿನ್ನೆ ಮತದಾನವಿತ್ತು. ಹೊರಡುವಾಗ ಅವರು ಎಂದಿನಂತೆ ಗುರುತು ಹೇಳಲು ಬಾಯಿ ತೆರೆದರು. "ತಡೀರಿ, ಪ್ರಾರ್ಥನಾ ಮಾಡಾಕತ್ತೀನಿ," ಅಂದೆ. ಬಾಯಿ ಮುಚ್ಚಿಕೊಂಡರು. ಮರಳುವಾಗ ಆಟೋದಲ್ಲಿ ಅವರಿಗೆ ತಡೆಯಲಾಗಲಿಲ್ಲ.

"ಯಾರಿಗಿ ಹಾಕ್ದಿ?"

"ಯಾರಿಗರೆ ಆಗ್ಲಿ," ಅಂದೆ, "ಈ ಸಲ ನಾ ಹಾಕೀನ್ರೀ."