ಮೆಟ್ಟಿಲ ತಿರುವಿನಲ್ಲಿ ಇಟ್ಟದ್ದು

ಕತ್ತರಿಯಕ್ಕನ ಮನೆಯಲ್ಲಿ ಬಟ್ಟೆಗೆ ಸಾವೇ ಇಲ್ಲ. ಗಂಡನ ಪ್ಯಾಂಟು ಮೊದಲು ಚೀಲವಾಯಿತು, ಚೀಲ ಸವೆದು ಕಾಲೊರಸಾಯಿತು, ಕಾಲೊರಸು ಹರಿದು ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಯಾಯಿತು. ಗಂಡ ತೀರಿಕೊಂಡು ಎಷ್ಟೋ ವರ್ಷವಾದರೂ ಪ್ಯಾಂಟು ಇನ್ನೂ ಅಡುಗೆಮನೆಯಲ್ಲಿ ದುಡಿಯುತ್ತಿದೆ. "ಇದ್ದಾಗ ಒಂದಿನ ಒಲೆ ಹತ್ರ ಬರ್ಲಿಲ್ಲ ಪುಣ್ಯಾತ್ಮ, ಈಗ ನೋಡಿ!" ಎಂದು ಅಕ್ಕ ಕಂಡಕಂಡವರಿಗೆಲ್ಲ ತೋರಿಸಿ ನಗುತ್ತಾಳೆ.

ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು ಅವಳ ಕಸುಬು. ಆದರೆ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಅವಳಿಗೆ ಹೆಸರು ತಂದದ್ದು ಮೆಟ್ಟಿಲ ತಿರುವು. ಅವಳ ಮನೆಗೆ ಹತ್ತುವ ಮೆಟ್ಟಿಲು ತಿರುಗುವಲ್ಲಿ, ಕಿಟಕಿಯ ಕೆಳಗೆ ಒಂದಿಷ್ಟು ಜಾಗವಿದೆ. ಬೇಡವಾದದ್ದನ್ನು ಅಲ್ಲಿಡುವುದು, ಬೇಕಾದವರು ಕೇಳದೆ ಒಯ್ಯುವುದು, ಇದು ಅಕ್ಕ ಹಾಕಿದ ಕಟ್ಟಳೆ. ಕೇಳಿ ಪಡೆದರೆ ಕೊಟ್ಟವರಿಗೆ ಹಮ್ಮು, ತಗೊಂಡವರಿಗೆ ಹಂಗು, ಆದ್ದರಿಂದ ಯಾರೂ ಏನೂ ಕೇಳಕೂಡದು. ಹೀಗೆ ಕೆಳಮನೆ ಮೇಷ್ಟ್ರ ಕೊಡೆ ನರ್ಸಮ್ಮನ ಮನೆ ಸೇರಿತು. ನರ್ಸಮ್ಮನ ಮಿಕ್ಸಿ ಬಡಗಿಯ ಮನೆಗೆ ಹೋಯಿತು. ಬಡಗಿಯ ಕುಕ್ಕರ್ ಮನೆಮನೆ ಸುತ್ತಿ ಕೊನೆಗೆ ಅವನ ಮನೆಗೇ ಬಂತು. "ಎಂಥಾ ಗಟ್ಟಿ ಕುಕ್ಕರ್ ರೀ, ಯಾವ ಪೆದ್ದ ಬಿಟ್ನೋ!" ಅಂದ ಅವನು.

ಅಕ್ಕನಿಗೆ ಇದ್ದದ್ದು ಒಂದೇ ಕೊರತೆ. ಅವಳ ಎದುರು ಮನೆ ಬೀಗ ಹಾಕಿಕೊಂಡು ಬಹಳ ತಿಂಗಳಾಗಿತ್ತು. ಅಲ್ಲಿದ್ದ ಗೆಳತಿ ಮಗಳ ಮನೆಗೆ ಹೋದ ಮೇಲೆ ಬಾಗಿಲಲ್ಲಿ ನಿಂತು ಹರಟಲು ಜನವಿಲ್ಲ. ಅಕ್ಕನೋ ಊಟ ಬಿಟ್ಟಾಳು, ಮಾತು ಬಿಡಳು. ಹೊಲಿಗೆ ಮೆಷಿನ್ನಿನ ಜೊತೆಗೇ ಮಾತಾಡಿ ಮಾತಾಡಿ ಅದಕ್ಕೂ ಬೇಜಾರಾಗಿ ಆಗಾಗ ಸೂಜಿ ಮುರಿದುಕೊಳ್ಳುತ್ತಿತ್ತು. ಯಾರೋ ಒಬ್ಬಾಕೆ ಬಾಡಿಗೆಗೆ ಬರುತ್ತಾಳಂತೆ ಎಂದು ಮಾಲೀಕರು ಹೇಳಿದ ಮೇಲೆ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಬಂದವಳು ಮಾತಿನವಳಾಗಿರಲಿ, ಬಂದವಳು ಉಳಿಯಲಿ, ಅಷ್ಟೇ ಅವಳ ಆಸೆ.

ಅವತ್ತು ಗಿರಾಕಿಯ ಕೋಟು ಕೊಟ್ಟು ಮೆಟ್ಟಿಲು ಹತ್ತುತ್ತಿದ್ದ ಅಕ್ಕ ತಿರುವಿನಲ್ಲಿ ಗಕ್ಕನೆ ನಿಂತಳು. ಕುಂಟುವ ಸ್ಟೂಲು, ನಿಂತುಹೋದ ಗಡಿಯಾರ, ಹತ್ತಿ ಹೊರಬಂದ ದಿಂಬು, ಬೀಗ ಹಾಕಿದ ದೊಡ್ಡ ಟ್ರಂಕು, ಅದರ ಮೇಲೆ ಮಡಚಿಟ್ಟ ಕೆಂಪು ಮಖಮಲ್ ಪರದೆ! ಇಷ್ಟೊಂದು ಸಾಮಾನು ಒಟ್ಟಿಗೆ ಎಂದೂ ಬಂದಿರಲಿಲ್ಲ. "ತಿರುವು ತುಂಬಿದೆ, ಬನ್ರೋ!" ಎಂದು ಕೆಳಗೆ ಬಗ್ಗಿ ಕೂಗಿದಳು. ಬಡಗಿ ಸ್ಟೂಲು ಎತ್ತಿದ. ಮೇಷ್ಟ್ರು ಗಡಿಯಾರವನ್ನು ಕಂಕುಳಿಗೆ ಸೇರಿಸಿದರು. ನರ್ಸಮ್ಮ ದಿಂಬು ಅಪ್ಪಿಕೊಂಡಳು. ಟ್ರಂಕು ಜಗ್ಗಲಿಲ್ಲ, ನಾಳೆ ಬೀಗ ಒಡೆದರಾಯಿತು ಎಂದು ಬಿಟ್ಟರು. ಬೇಡದ ಸಾಮಾನಿಗೆ ಯಾರಾದರೂ ಬೀಗ ಹಾಕುತ್ತಾರಾ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಮಖಮಲ್ ಕೈಗೆ ಸಿಕ್ಕರೆ ಅಕ್ಕನನ್ನು ಹಿಡಿಯುವವರಿಲ್ಲ. ಕತ್ತರಿ ಕಚಕಚ, ಮೆಷಿನ್ ಟಕಟಕ. ನೋಡನೋಡುತ್ತಾ ಪರದೆ ಆರು ಚೀಲಗಳಾಯಿತು, ಒಂದೊಂದಕ್ಕೂ ಭದ್ರವಾದ ಹಿಡಿಕೆ. ಮನೆಮನೆಗೂ ಹಂಚಿ, ಒಂದನ್ನು ತನಗೆ ಇಟ್ಟುಕೊಂಡಳು. ಮೇಷ್ಟ್ರು ಆಗಲೇ ತಮ್ಮದನ್ನು ಹೆಗಲಿಗೇರಿಸಿ ತರಕಾರಿ ಮಾರುಕಟ್ಟೆಗೆ ಹೊರಟುಬಿಟ್ಟರು.

ಅಷ್ಟರಲ್ಲಿ ಬೀಗ ರಿಪೇರಿಯವನನ್ನು ಕರೆದುಕೊಂಡು ಒಬ್ಬಾಕೆ ಮೆಟ್ಟಿಲು ಹತ್ತಿ ಬಂದಳು. ಎದುರು ಮನೆಯ ಬೀಗ ಎಷ್ಟು ತಿರುಗಿಸಿದರೂ ತೆರೆದುಕೊಳ್ಳದೆ, ಸಾಮಾನೆಲ್ಲ ತಿರುವಿನಲ್ಲಿಟ್ಟು ಅವನನ್ನು ಹುಡುಕಿಕೊಂಡು ಹೋಗಿದ್ದಳು. ಈಗ ನೋಡಿದರೆ ಟ್ರಂಕೊಂದೇ ಇದೆ.

"ಇಲ್ಲಿದ್ದ ಸಾಮಾನೆಲ್ಲ ಎಲ್ರೀ?"

"ಅಯ್ಯೋ, ಅದು ನಿಮ್ದಾ?" ಅಂದಳು ಅಕ್ಕ.

"ಮತ್ತಿನ್ಯಾರ್ದು? ಈ ಮನೆಗೆ ಬಂದಿರೋಳು ನಾನು. ಗೊಂಬೆ ಆಡ್ಸೋಳು. ನನ್ನ ಪರದೆ ಎಲ್ಲಿ? ನಾಳೆ ಶಾಲೇಲಿ ಆಟ ಇದೆ!"

ಅಕ್ಕ ಕೈಯಲ್ಲಿದ್ದ ಚೀಲವನ್ನು ಮುಂದೆ ಹಿಡಿದಳು.

"ಏನಿದು?"

"ಪರದೆ," ಅಂದಳು ಅಕ್ಕ. "ಹಿಡಿಕೆ ಗಟ್ಟಿಯಾಗಿದೆ."

ಗೊಂಬೆಯಾಕೆ ಕೂಗಾಡಿದ್ದರೂ ಚೆನ್ನಾಗಿತ್ತು. ಸುಮ್ಮನೆ ಟ್ರಂಕಿನ ಮೇಲೆ ಕುಸಿದು ಕೂತು, "ಇಂಥಾ ಕಡೆ ಇರಕ್ಕಾಗಲ್ಲ. ನಾಳೆ ಆಟ ಹೇಗೋ ಮುಗಿಸಿ ವಾಪಸ್ ಹೋಗ್ಬಿಡ್ತೀನಿ," ಅಂದಳು.

"ಸಂಜೆವರೆಗೂ ತಡ್ಕೊಳ್ಳಿ ತಾಯಿ!" ಎಂದವಳೇ ಅಕ್ಕ ಮೆಟ್ಟಿಲಿಳಿದು ಓಡಿದಳು. ದಾರಿಯಲ್ಲೇ ಎಲ್ಲರ ಮನೆಗೂ ನುಗ್ಗಿ ಚೀಲ ಕಿತ್ತುಕೊಂಡಳು. ಉಳಿದದ್ದು ಮೇಷ್ಟ್ರದು. ಕೊರಳಲ್ಲಿ ಅಳತೆಪಟ್ಟಿ ಹಾರಾಡುತ್ತಿದೆ, ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿದೆ, ಮಾರುಕಟ್ಟೆಯ ಜನ ದಾರಿ ಬಿಟ್ಟು ನೋಡುತ್ತಿದೆ. ಟೊಮೇಟೊ ರಾಶಿಯಾಚೆ ಕೆಂಪು ಮಖಮಲ್ ಕಂಡದ್ದೇ ಹೋಗಿ ಹಿಡಿಕೆಗೆ ಜೋತುಬಿದ್ದಳು. ಮೇಷ್ಟ್ರು ಯಾರೋ ಕಳ್ಳಿ ಎಂದುಕೊಂಡು ಈ ಕಡೆಯಿಂದ ಎಳೆದರು. ಹಿಡಿಕೆ ಕಿತ್ತು ಬರಲಿಲ್ಲ, ಹೊಲಿದವಳು ಯಾರು? ಮೇಷ್ಟ್ರ ಅಂಗಿಯ ಹೆಗಲೇ ಪರ್ರೆಂದಿತು. ಈರುಳ್ಳಿ ಉರುಳಿ ಊರೆಲ್ಲ ಹರಡಿತು.

"ಕೊಟ್ಟು ಕಿತ್ಕೊಳ್ತೀರಲ್ರೀ, ಕಟ್ಟಳೆ ಏನಾಯ್ತು?"

"ಕಟ್ಟಳೆ ಮನೆ ಹಾಳಾಗ್ಲಿ, ಚೀಲ ಬಿಡಿ ಮೇಷ್ಟ್ರೇ!"

ಅವರು ಮರಳುವ ಹೊತ್ತಿಗೆ ಬಡಗಿ ಸ್ಟೂಲು ತಂದಿಟ್ಟು, ತಿರುವಿನ ಕಟ್ಟಳೆಯನ್ನೆಲ್ಲ ಗೊಂಬೆಯಾಕೆಗೆ ತಿಳಿಸಿ ಹೇಳುತ್ತಿದ್ದ. ಸ್ಟೂಲು ಈಗ ಕುಂಟುತ್ತಿರಲಿಲ್ಲ. ನರ್ಸಮ್ಮ ಗಾಯಕ್ಕೆ ಹಾಕುವಂತೆ ದಿಂಬಿಗೆ ಅಚ್ಚುಕಟ್ಟಾಗಿ ಹೊಲಿಗೆ ಹಾಕಿ ತಂದಿದ್ದಳು. ಮೇಷ್ಟ್ರು ಕೀಲಿ ಕೊಟ್ಟು ತಂದೊಪ್ಪಿಸಿದ ಗಡಿಯಾರವೂ ನಡೆಯುತ್ತಿತ್ತು. ಗೊಂಬೆಯಾಕೆ ಒಂದೊಂದನ್ನೇ ಮುಟ್ಟಿ ನೋಡಿದಳು.

ಅಕ್ಕ ಕೂತಳು. ಬಿಚ್ಚಿದಳು, ಜೋಡಿಸಿದಳು, ಹೊಲಿದಳು. ಹೊಲಿಗೆಗೆ ಬಟ್ಟೆ ತಿಂದುಹೋಗಿ ಪರದೆ ಗಿಡ್ಡವಾದಾಗ, ಹರಿದ ಮೇಷ್ಟ್ರ ಅಂಗಿಯನ್ನೇ ಬಿಚ್ಚಿಸಿಕೊಂಡು ಕೆಳಗೆ ಅಂಚು ಕೊಟ್ಟಳು. ಮೇಷ್ಟ್ರು ಬನಿಯನ್ನಿನಲ್ಲೇ ಮನೆಗಿಳಿದರು. ಕೊನೆಗೆ ಒಂದು ಹಿಡಿಕೆ ಮಾತ್ರ ಉಳಿದಿತ್ತು, ಬಿಚ್ಚಲು ಹೋದಾಗ ಗೊಂಬೆಯಾಕೆ, "ಅದು ಇರ್ಲಿ," ಅಂದಳು.

ಮರುದಿನ ಆಟ ಮುಗಿಸಿ ಬಂದವಳು ಸುಮ್ಮನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಸಾಮಾನು ಎಳೆದಾಡುವ ಸದ್ದು. ಕಟ್ಟುತ್ತಿದ್ದಾಳೋ ಬಿಚ್ಚುತ್ತಿದ್ದಾಳೋ? ಬಾಗಿಲು ತಟ್ಟಿ ಕೇಳಲು ಅಕ್ಕನಿಗೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆದರೆ, ಕೆಳಗೆ ತಿರುವಿನಲ್ಲಿ, ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಗೊಂಬೆಯಾಕೆ ನೆಲದ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಒಂದು ಸಾಮಾನೂ ಇಲ್ಲ.

"ಆಗ್ಲಿಂದ ಇಲ್ಲೇ ಕೂತಿದ್ದೀನಿ ಅಕ್ಕಾ," ಅಂದಳು ಮುಖ ಊದಿಸಿಕೊಂಡು. "ಯಾರೂ ಎತ್ಕೊಂಡೇ ಹೋಗ್ತಿಲ್ಲ."

ಅಕ್ಕ ಏನೂ ಕೇಳಲಿಲ್ಲ. ದಡದಡ ಇಳಿದು ಹೋಗಿ, ತೋಳು ಹಿಡಿದೆತ್ತಿ, ನಗುತ್ತಲೋ ಅಳುತ್ತಲೋ ಅವಳನ್ನು ತನ್ನ ಮನೆಗೆ ಎಳೆದೊಯ್ದಳು. ಅವತ್ತು ಸಂಜೆಯವರೆಗೂ ಮೇಲಿನ ಮಹಡಿಯಲ್ಲಿ ಮೆಷಿನ್ನಿನ ಸದ್ದೇ ಇರಲಿಲ್ಲ.