ಸೇಫ್ಟಿ ವಾಲ್ವಿನ ಒಂದೂವರೆ ಸುತ್ತು

ಮಾಲೂರಿನ ಮುನಿರಾಜಪ್ಪನವರ ಎಡಗಣ್ಣು ಹೋದದ್ದು ನನ್ನಿಂದ. ವಯಸ್ಸಾಯಿತು, ಕೈ ನಡುಗುತ್ತಿತ್ತು, ಬೆಸುಗೆ ಸರಿಯಾಗಿ ಹಾಕಿರಲಿಲ್ಲ ಎಂದು ಎಂಟು ವರ್ಷಗಳಿಂದ ಜನ ಹೇಳುತ್ತಾ ಬಂದಿರುವುದೆಲ್ಲ ಸುಳ್ಳು. ಅದು ಸುಳ್ಳು ಎಂದು ಗೊತ್ತಿದ್ದವಳು ನಾನೊಬ್ಬಳೇ. ಎಂಜಿನ್ನಿನ ಸೇಫ್ಟಿ ವಾಲ್ವನ್ನು ಮುಟ್ಟಬೇಡಿ ಎಂದು ಅವರು ಹೇಳಿದ್ದರು. ನಾನು ಮುಟ್ಟಿದೆ. ಆಮೇಲೆ — ಆಮೇಲಿನದು ಇನ್ನೂ ಕೆಟ್ಟದ್ದು. ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ.

ನಾನು ಮುಳಬಾಗಿಲಿನ ಆಡಿಟರ್ ಒಬ್ಬರ ಕಚೇರಿಯಲ್ಲಿ ಕೆಲಸ ಮಾಡುವವಳು. ಹುಟ್ಟಿದ್ದು ಶ್ರೀನಿವಾಸಪುರದಲ್ಲಿ, ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಆಗ ಅಲ್ಲಿ ಓಡುತ್ತಿದ್ದದ್ದು ಸಣ್ಣ ಹಳಿಯ ಉಗಿಬಂಡಿ. ಮದುವೆಯಾಗಿ ಬಂದ ಊರಿಗೆ ರೈಲೇ ಇಲ್ಲ. ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದ ಮೇಲೆ, ಕೋಲಾರದ ಪರಿಚಯದವರೊಬ್ಬರ ಮನೆಯಲ್ಲಿ ಮೊಳದುದ್ದದ ಒಂದು ಎಂಜಿನ್ ನಿಜವಾದ ಉಗಿಯಿಂದ ಓಡುವುದನ್ನು ಕಂಡೆ. ಆ ವಾಸನೆ — ಬಿಸಿ ಎಣ್ಣೆ, ಒದ್ದೆ ಉಗಿ — ನನ್ನನ್ನು ಅಲ್ಲೇ ಕೂರಿಸಿಬಿಟ್ಟಿತು. ಮಾಡಿದವರು ಯಾರೆಂದು ಕೇಳಿಕೊಂಡು ಮುಂದಿನ ಭಾನುವಾರವೇ ಮಾಲೂರಿಗೆ ಹೋದೆ.

ಮುನಿರಾಜಪ್ಪ ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಮನೆಯ ಹಿಂದೆ ಶೀಟು ಹೊದಿಸಿದ ಕೋಣೆ, ಅದರಲ್ಲೊಂದು ಹಳೆಯ ಲೇತು. ತಾಮ್ರದ ಬಾಯ್ಲರ್, ಹಿತ್ತಾಳೆಯ ಚಕ್ರ, ಬೆಳ್ಳಿ ಬೆಸುಗೆ, ಎಲ್ಲ ಅವರ ಕೈಯದೇ. ಒಂದು ಎಂಜಿನ್ನಿಗೆ ಆರೇಳು ತಿಂಗಳು ಹಿಡಿಯುತ್ತಿತ್ತು. ಅಲ್ಲಿಯವರೆಗೆ ಆರು ಮಾರಿದ್ದರು, ನನ್ನದು ಏಳನೆಯದು. ನಾನು ದುಡ್ಡು ಹಿಡಿದು ಹೋದರೂ ತಕ್ಷಣ ಕೊಡಲಿಲ್ಲ. ಮೂರು ಸಲ ಅವರೆದುರಿಗೇ ನೀರು ತುಂಬಿ, ಗ್ಯಾಸ್ ಹಚ್ಚಿ, ಓಡಿಸಿ, ಆರಿಸಿ ತೋರಿಸಬೇಕಾಯಿತು.

"ಅಮ್ಮಾ, ಇದು ಆಟದ ಸಾಮಾನಲ್ಲ" ಎಂದರು. "ಬಾಯ್ಲರ್ ಚಿಕ್ಕದಾದ್ರೂ ಬಾಯ್ಲರ್ರೇ. ಬೋರ್ ನೀರು ಹಾಕ್ಬೇಡಿ, ನಮ್ ಕೋಲಾರದ ನೀರು ಒಂದೇ ವರ್ಷಕ್ಕೆ ಸುಣ್ಣ ಕಟ್ಟಿಬಿಡ್ತದೆ. ಬ್ಯಾಟರಿಗೆ ಹಾಕೋ ನೀರೇ ತಗೊಳ್ಳಿ."

ನೀರಿನ ಮಾತನ್ನು ನಾನು ಕೊನೆಯವರೆಗೂ ಮೀರಲಿಲ್ಲ. ಅದು ಮೀರಲು ಆಸೆಯಾಗುವಂಥ ಮಾತಾಗಿರಲಿಲ್ಲ, ಅಷ್ಟೇ.

ಎಂಜಿನ್ನಿನ ಜೊತೆಗೆ ಎರಡು ಪ್ಯಾಸೆಂಜರ್ ಗಾಡಿಗಳನ್ನೂ ಕೊಂಡೆ. ಮರದ ಬೆಂಚು, ಏರಿಳಿಸಬಹುದಾದ ಕಿಟಕಿಗಳು. ಮಹಡಿಯ ಮೇಲೆ ಮೊಟ್ಟೆಯಾಕಾರದಲ್ಲಿ ಹಳಿ ಹಾಕಿಸಿದೆ. ನನ್ನ ಯಜಮಾನರು ಮೇಷ್ಟರು, ನಗುವುದೂ ಕಡಿಮೆ, ಬೈಯುವುದೂ ಕಡಿಮೆ; ಸಂಜೆ ಕುರ್ಚಿ ತಂದು ಹಾಕಿಕೊಂಡು ನೋಡುತ್ತಿದ್ದರು. ಎಂಜಿನ್ ಒಂದು ಗಾಡಿಯನ್ನು ಸಲೀಸಾಗಿ ಎಳೆಯುತ್ತಿತ್ತು. ಎರಡು ಕಟ್ಟಿದರೆ ನೀರಿನ ಟ್ಯಾಂಕಿನ ಪಕ್ಕದ ತಿರುವಿನಲ್ಲಿ ನಿಂತುಬಿಡುತ್ತಿತ್ತು.

ಹಾಗೆ ನಿಂತದ್ದು ಒಮ್ಮೆ ನೆಂಟರ ಮುಂದೆ. ನನ್ನ ಓರಗಿತ್ತಿ ಸುಲೋಚನಕ್ಕ ಮದನಪಲ್ಲಿಯ ಕಡೆಯವರು. ತೆಲುಗಿನಲ್ಲಿ, "ಏಮಮ್ಮಾ, ದೀನಿಕಿ ಕೂಡಾ ಮೋಕಾಳ್ಳ ನೊಪ್ಪುಲಾ?" ಎಂದರು — ಇದಕ್ಕೂ ಮಂಡಿನೋವಾ ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ನಗು ನನ್ನೊಳಗೆ ಇಳಿದು ಕೂತಿತು. ಈ ವಯಸ್ಸಿಗೆ ಇವಳಿಗೊಂದು ರೈಲು — ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತು ನನಗೆ ಕೇಳಿಸತೊಡಗಿತು.

ಮುನಿರಾಜಪ್ಪನವರಿಗೆ ಫೋನ್ ಮಾಡಿದೆ. ಅವರು ವೈದ್ಯರ ಹಾಗೆ ಕೇಳುತ್ತಾ ಹೋದರು. "ಒಂದೊಂದೇ ಗಾಡಿ ಬಿಚ್ಚಿ ಕೈಯಲ್ಲಿ ತಳ್ಳಿ ನೋಡಿ. ಯಾವ್ದು ಬೇಗ ನಿಲ್ತದೋ ರೋಗ ಅದ್ರಲ್ಲಿ." ಎರಡನೆಯ ಗಾಡಿ ಬೇಗ ನಿಂತಿತು. ತಿರುಗಿಸಿ ನೋಡಿದರೆ ಚಕ್ರದ ಅಚ್ಚಿಗೆ ನನ್ನದೇ ಉದ್ದ ಕೂದಲು ಸುತ್ತಿಕೊಂಡಿತ್ತು. ಸೂಜಿಯಿಂದ ಬಿಡಿಸಿ ಒಂದು ತೊಟ್ಟು ಎಣ್ಣೆ ಬಿಟ್ಟೆ. ತಿರುವಿನಲ್ಲಿ ಹಳಿಯ ಒಂದು ಜಾಯಿಂಟು ಕೂದಲೆಳೆಯಷ್ಟು ಎದ್ದಿತ್ತು, ಅದನ್ನೂ ತಗ್ಗಿಸಿದೆ. ಆದರೂ ಎಂಜಿನ್ನಿಗೆ ಕಸುವು ಸಾಲದು. ಒತ್ತಡದ ಮೀಟರಿನ ಮುಳ್ಳು ಕೆಂಪು ಗೀಟಿಗೆ ಮುಟ್ಟುವ ಮೊದಲೇ, ಒತ್ತಡ ಮೀರಿದಾಗ ಮಾತ್ರ ಬಾಯಿ ಬಿಡಬೇಕಾದ ಮೇಲಿನ ಸೇಫ್ಟಿ ವಾಲ್ವಿನಿಂದ ಉಗಿ ಸೋರುತ್ತಿತ್ತು.

ಅದನ್ನೂ ಹೇಳಿದೆ.

"ಅದನ್ನ ಮಾತ್ರ ಮುಟ್ಬೇಡಿ ಅಮ್ಮಾ. ಒಳಗೆ ಒಂದು ಧೂಳಿನ ಕಣ ಕೂತಿರ್ತದೆ, ಅಷ್ಟೇ. ಭಾನುವಾರ ನಾನೇ ಬರ್ತೀನಿ. ಐದು ನಿಮಿಷದ ಕೆಲಸ."

ಅದೇ ಭಾನುವಾರ ನೆಂಟರೆಲ್ಲ ಕುರುಡುಮಲೆ ಗಣಪನಿಗೆ ಪೂಜೆ ಮಾಡಿಸಿಕೊಂಡು ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದರು. ಅದು ನನಗೆ ಗೊತ್ತಿತ್ತು. ಮುನಿರಾಜಪ್ಪ ಹನ್ನೆರಡಕ್ಕೆ ಬಂದು ಸರಿಮಾಡಿದರೆ, ಊಟವಾದ ಮೇಲೆ ಎರಡೂ ಗಾಡಿ ಕಟ್ಟಿ ಓಡಿಸುವುದು — ಇದು ನನ್ನ ಲೆಕ್ಕ. ಅವರ ಬಸ್ಸು ತಡವಾಯಿತು. ಊಟ ಮುಗಿಯಿತು, ಎಲೆ ಎತ್ತಿದ್ದಾಯಿತು. ಫೋನ್ ಮಾಡಿದರೆ, "ಈಗ ಕೋಲಾರ ಬಿಟ್ಟಿದ್ದೀನಮ್ಮ. ಹಚ್ಬೇಡಿ, ಬಂದ್ಮೇಲೆ ಹಚ್ಚೋಣ" ಎಂದರು. ಅಷ್ಟರಲ್ಲಿ ಸುಲೋಚನಕ್ಕ ಎಲೆ ಅಡಿಕೆ ತಟ್ಟೆ ಹಿಡಿದು, "ನಡಿಯೇ, ನಿನ್ ರೈಲು ನೋಡೋಣ" ಎನ್ನುತ್ತಾ ಮೆಟ್ಟಿಲು ಹತ್ತತೊಡಗಿದರು.

ನಾನು ಎಲ್ಲರಿಗಿಂತ ಮೊದಲು ಮೇಲೆ ಹೋದೆ. ಪುಟ್ಟ ಸ್ಪ್ಯಾನರ್ ತೆಗೆದುಕೊಂಡೆ. ವಾಲ್ವಿನ ನಟ್ಟಿನಿಂದ ಅದರ ಕೆಳಗಿನ ಬುಡದವರೆಗೆ ಮುನಿರಾಜಪ್ಪ ಕೆಂಪು ಬಣ್ಣದ ಒಂದು ಸಣ್ಣ ಗೆರೆ ಎಳೆದಿದ್ದರು. ಅವರು ನಿಲ್ಲಿಸಿದ ಜಾಗದ ಗುರುತು ಅದು. ನಾನು ಆ ಗೆರೆಯನ್ನು ನೋಡಿಯೇ ನಟ್ಟು ಬಿಗಿ ಮಾಡಿದೆ. ಮೊದಲು ಅರ್ಧ ಸುತ್ತು. ಸಾಲದೇನೋ ಅನಿಸಿತು. ಇನ್ನೊಂದು ಸುತ್ತು.

ಹಚ್ಚಿದೆ. ಸೋರಲಿಲ್ಲ. ಎರಡೂ ಗಾಡಿ ಎಳೆದುಕೊಂಡು ಎಂಜಿನ್ ತಿರುವನ್ನು ಸರ್ರನೆ ದಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಲೋಚನಕ್ಕನೇ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಎರಡನೆಯ ಸುತ್ತು, ಮೂರನೆಯ ಸುತ್ತು. ಎಂಜಿನ್ ನನ್ನ ಮುಂದೆ ಹಾದುಹೋದಾಗ ಮುಳ್ಳು ಕೆಂಪು ಗೀಟನ್ನು ದಾಟಿದ್ದು ನನಗೆ ಕಂಡಿತು. ಕಾಣಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ — ಕಂಡಿತು. ಇನ್ನೊಂದೇ ಒಂದು ಸುತ್ತು ಆಗಿಬಿಡಲಿ ಅಂದುಕೊಂಡೆ.

ಆಗ ಮುನಿರಾಜಪ್ಪ ಹೆಗಲಿಗೆ ಚೀಲ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ಬಂದವರು ಯಾರ ಮುಖವನ್ನೂ ನೋಡಲಿಲ್ಲ. ಒಂದು ಕ್ಷಣ ಕಿವಿಗೊಟ್ಟು ನಿಂತರು.

"ವಾಲ್ವ್ ಯಾಕೆ ಬಾಯಿ ಬಿಡ್ತಿಲ್ಲ?" ಎಂದರು. ತಕ್ಷಣ ಚೀಲ ಬಿಸಾಕಿ, "ಹಿಂದಕ್ ಹೋಗಿ, ಎಲ್ರೂ ಹಿಂದಕ್ ಹೋಗಿ" ಎನ್ನುತ್ತಾ ಮುಂದೆ ನುಗ್ಗಿ ಮಂಡಿಯೂರಿದರು. ಒಂದು ಕೈಯಲ್ಲಿ ಎಂಜಿನ್ ತಡೆದು ಇನ್ನೊಂದು ಕೈಯಿಂದ ಗ್ಯಾಸಿನ ತಿರುಪು ಮುಚ್ಚಿದರು. ಮುಚ್ಚಿದ ಮರುಗಳಿಗೆಯೇ ಬಾಯ್ಲರಿನ ಹಿಂಭಾಗದ ಸಣ್ಣ ಕೊಳವೆ ಬೆಸುಗೆಯ ಹತ್ತಿರ ಬಿಟ್ಟುಕೊಂಡಿತು. ಬಟ್ಟೆ ಹರಿದ ಹಾಗೆ ಒಂದು ಸದ್ದು, ಬಿಳಿ ಹೊಗೆಯಂಥ ಉಗಿ. ಅವರು ಕೂಗಲಿಲ್ಲ. ಟವಲನ್ನು ಮುಖಕ್ಕೆ ಒತ್ತಿಕೊಂಡು ಹಾಗೇ ಪಕ್ಕಕ್ಕೆ ವಾಲಿದರು.

ಯಜಮಾನರೂ ಭಾವನವರೂ ಅವರನ್ನು ಎತ್ತಿಕೊಂಡು ಕಾರಿಗೆ ಓಡಿದರು. ನೆಂಟರೆಲ್ಲ ಅವರ ಹಿಂದೆ ಇಳಿದರು. ನಾನು ಇಳಿಯಲಿಲ್ಲ. "ಎಂಜಿನ್ ಇನ್ನೂ ಬಿಸಿ ಇದೆ, ನಾನು ನೋಡ್ಕೋತೀನಿ, ನೀವು ಹೊರಡಿ" ಎಂದೆ.

ಮಹಡಿಯ ಮೇಲೆ ಒಬ್ಬಳೇ ಉಳಿದೆ. ಸೆರಗಿನಿಂದ ಎಂಜಿನ್ ಹಿಡಿದು, ಸ್ಪ್ಯಾನರ್ ತೆಗೆದುಕೊಂಡು, ನಟ್ಟನ್ನು ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿದೆ. ಕೆಂಪು ಗೆರೆಯ ಎರಡು ತುಂಡುಗಳು ಮತ್ತೆ ಒಂದಕ್ಕೊಂದು ಸೇರುವವರೆಗೆ. ಬಿಗಿ ಮಾಡಿದ್ದನ್ನು ಅವಿವೇಕ ಎನ್ನಬಹುದೇನೋ. ಸಡಿಲ ಮಾಡಿದ್ದಕ್ಕೆ ಮೋಸ ಎಂಬುದು ಬಿಟ್ಟು ನನ್ನ ಹತ್ತಿರ ಬೇರೆ ಹೆಸರಿಲ್ಲ. ಅವರ ಚೀಲ ಅಲ್ಲೇ ಬಿದ್ದಿತ್ತು. ನನ್ನ ಕೈ ನಡುಗುತ್ತಿರಲಿಲ್ಲ — ಇದನ್ನು ಬರೆಯಲೇಬೇಕು.

ಕಣ್ಣು ಉಳಿಯಲಿಲ್ಲ. ತಿಂಗಳಾದ ಮೇಲೆ ಎಂಜಿನ್ ತೆಗೆದುಕೊಂಡು ಬರಲು ಹೇಳಿ ಕಳಿಸಿದರು. ಹೋದೆ. ಅವರ ಮಗಳು ಮಂಜುಳಾ ಲಕ್ಕೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಅವತ್ತು ರಜೆ ಹಾಕಿ ಅಪ್ಪನ ಪಕ್ಕ ನಿಂತಿದ್ದಳು. ಮುನಿರಾಜಪ್ಪ ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದಲೇ ಎಲ್ಲ ಸವರಿ ನೋಡಿದರು.

"ಅಮ್ಮಾ, ವಾಲ್ವ್ ಮುಟ್ಟಿದ್ರಾ?"

"ಇಲ್ಲ" ಎಂದೆ.

ಅವರು ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ — ಇಲ್ಲ, ಆಗಲೂ ಅದನ್ನೇ ಹೇಳುತ್ತಿದ್ದೆ. "ಹಂಗಾದ್ರೆ ನನ್ ಬೆಸುಗೆಯೇ ತಪ್ಪು" ಎಂದರು. ಎಂಜಿನ್ನನ್ನು ಪಕ್ಕಕ್ಕಿಟ್ಟು, "ಮಿಕ್ಕ ಆರೂ ಮನೆಗಳಲ್ಲಿ ಮಕ್ಕಳು ಮರಿ ಇದ್ದಾರೆ. ವಾಪಸ್ ತರಿಸ್ಬೇಕು. ನನಗೆ ಫೋನಲ್ಲಿ ಮಾತಾಡಕ್ಕೆ ಬರಲ್ಲ. ನೀವ್ ಹೇಳಿದ್ರೆ ಮರ್ಯಾದೆಯಾಗಿ ಹೇಳ್ತೀರಿ."

ನಾನು ಹೇಳಿದೆ. ಅವರ ಎದುರಿಗೇ ಕೂತು ಆರು ಜನಕ್ಕೆ ಫೋನ್ ಮಾಡಿ, ಮುನಿರಾಜಪ್ಪನವರ ಬೆಸುಗೆಯನ್ನು ನಂಬುವ ಹಾಗಿಲ್ಲ, ದಯವಿಟ್ಟು ಎಂಜಿನ್ ಹಿಂದಿರುಗಿಸಿ ಎಂದೆ. ಮರ್ಯಾದೆಯಾಗಿಯೇ ಹೇಳಿದೆ.

ಎಂಜಿನ್ನುಗಳು ಬಂದವು. ಅವರು ಒಂದೊಂದೇ ಬಾಯ್ಲರನ್ನು ಗರಗಸದಿಂದ ಕೊಯ್ದು ಒಳಗೆ ನೋಡಿದರು. ಎರಡನ್ನು ಕೊಯ್ಯುವಾಗ ನಾನು ಅಲ್ಲಿದ್ದೆ. ಬೆಸುಗೆ ಸಂದುಸಂದಿಗೂ ತುಂಬಿ ಕನ್ನಡಿಯಂತೆ ಹೊಳೆಯುತ್ತಿತ್ತು. "ಇದು ಚೆನ್ನಾಗೇ ಐತೆ" ಎನ್ನುವರು, ಒಂದೇ ಕಣ್ಣನ್ನು ಹತ್ತಿರ ತಂದು ಮತ್ತೆ ನೋಡುವರು. "ಆದ್ರೂ..." ಎಂದು ಇನ್ನೊಂದನ್ನು ಎತ್ತಿಕೊಳ್ಳುವರು. ಆರೂ ಚೆನ್ನಾಗಿದ್ದವು. ಅವರಿಗೆ ನಂಬಿಕೆ ಬರಲಿಲ್ಲ. ಆ ವರ್ಷವೇ ಲೇತು ಮಾರಿದರು.

ಮುಂದೆ ಎಂಟು ವರ್ಷ ನಾನು ಕಚೇರಿಗೆ ಹೋದೆ, ಬಂದೆ. ಹಳಿ ಕೀಳಿಸಿದೆ. ಮನಸ್ಸಾಕ್ಷಿ ಹಗಲಿರುಳು ಚುಚ್ಚಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಮರೆತ ದಿನಗಳೇ ಹೆಚ್ಚು. ಕಳೆದ ತಿಂಗಳು ಹೊಸಕೋಟೆಯಿಂದ ಯಾರೋ ಫೋನ್ ಮಾಡಿ, ಉಗಿ ಎಂಜಿನ್ ಕೊಳ್ಳಬೇಕು, ಮಾಲೂರಿನಲ್ಲಿ ಒಬ್ಬರು ಮಾಡುತ್ತಿದ್ದರಂತಲ್ಲ ಎಂದು ಕೇಳಿದರು. "ಅವರ ಬೆಸುಗೆ ಸರಿ ಇರಲಿಲ್ಲ, ಪಾಪ, ವಯಸ್ಸಾಗಿತ್ತು" ಎಂದೆ. ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತಲೇ ಅಂದೆ. ಫೋನ್ ಇಟ್ಟ ಮೇಲೆ ಕೈಯಲ್ಲಿದ್ದ ಸೌಟು ನೋಡಿದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಅದು ಸುಳ್ಳೆಂಬುದೂ ನನಗೆ ನೆನಪಾಗಿರಲಿಲ್ಲ.

ಅವತ್ತು ಸಂಜೆ ಯಜಮಾನರಿಗೆ ಹೇಳಿದೆ. ಅವರು ಓದುತ್ತಿದ್ದ ಪೇಪರನ್ನು ಮಡಿಸಿದರು, ಇನ್ನೊಮ್ಮೆ ಮಡಿಸಿದರು.

"ಆಸ್ಪತ್ರೆಗೆ ಹೋಗೋವಾಗ ಕಾರಲ್ಲಿ ಅವರು ಒಂದೇ ಮಾತು ಕೇಳಿದ್ದು ಕಣೇ" ಎಂದರು. "ಅಮ್ಮಾವ್ರಿಗೆ ಏನೂ ಆಗ್ಲಿಲ್ಲ ತಾನೇ ಅಂತ."

ಮರುದಿನ ಮಾಲೂರಿಗೆ ಹೋದೆ. ಮುನಿರಾಜಪ್ಪ ಅಂಗಳದಲ್ಲಿ ಕೂತು ಅವರೇಕಾಯಿ ಸುಲಿಯುತ್ತಿದ್ದರು. ಮಂಜುಳಾ ನನ್ನನ್ನು ಕಂಡು ಒಳಗೆ ಹೋಗಿ ಕಾಫಿಗಿಟ್ಟಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ: ಬಿಗಿ ಮಾಡಿದ್ದು, ಮುಳ್ಳು ನೋಡಿದ್ದು, ಮತ್ತೆ ಸಡಿಲಿಸಿದ್ದು, ಇಲ್ಲ ಎಂದದ್ದು, ಫೋನ್ ಮಾಡಿದ್ದು.

ಅವರು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟರು.

"ಬಣ್ಣದ ಗೆರೆ ಒಡೆದೈತೆ ಅಂತ ಮಂಜುಳಾ ಅವತ್ತೇ ಹೇಳಿದ್ಲು" ಎಂದರು. "ನಾನೇ ಬೈದೆ ಅವಳ್ನ. ಅಮ್ಮಾವ್ರು ಇಲ್ಲ ಅಂದ್ಮೇಲೆ ಇಲ್ಲ, ನಮ್ ತಪ್ಪನ್ನ ಇನ್ನೊಬ್ರ ತಲೆಗೆ ಕಟ್ಬಾರ್ದು ಅಂದೆ." ಆಮೇಲೆ ಒಳಗೆ ತಿರುಗಿ ಕರೆದರು. "ಮಂಜೂ, ಇಲ್ಲಿ ಬಾಮ್ಮ. ಇವರು ಹೇಳ್ತಾರೆ, ಕೇಳು."

ಅವಳು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಳು. ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟ. ಏನು ಹೇಳಲಿದ್ದೇನೆಂದು ನನಗೇ ಗೊತ್ತಿರುತ್ತದೆ. ಅವಳು ಪೂರ್ತಿ ಕೇಳಿದಳು. ನನಗೆಂದು ತಂದಿದ್ದ ಕಾಫಿಯನ್ನು ಒಳಗೆ ತೆಗೆದುಕೊಂಡು ಹೋದಳು.

ಕ್ಷಮಿಸಿದ್ದೀನಿ ಎಂದು ಮುನಿರಾಜಪ್ಪ ಅನ್ನಲಿಲ್ಲ. ನಾನು ಕೇಳಲೂ ಇಲ್ಲ. ಹೊರಟಾಗ ಅವರು ಅಂದದ್ದು ಇಷ್ಟೇ: "ಆರು ಬಾಯ್ಲರು ಸುಮ್ನೆ ಕೊಯ್ದುಬಿಟ್ಟೆ."

ಅವತ್ತು ನಾನು ಫೋನ್ ಮಾಡಿದ ಆರು ಮನೆಗಳಿಗೂ ಈಗ ಒಬ್ಬಳೇ ಹೋಗುತ್ತಿದ್ದೇನೆ. ಫೋನಲ್ಲಿ ಹೇಳುವುದು ಸುಲಭವೆಂದು ಗೊತ್ತು, ಅದಕ್ಕೇ ಹೋಗುತ್ತಿದ್ದೇನೆ. ನಾಲ್ಕು ಮನೆ ಆಗಿದೆ. ಇಬ್ಬರು ಕೂರಿಸಿ ಕೇಳಿದರು, ಒಬ್ಬರು ಗೇಟಿನಿಂದಲೇ ಕಳಿಸಿದರು, ಶ್ರೀನಿವಾಸಪುರದಲ್ಲಿ ಒಬ್ಬರು ತೀರಿಕೊಂಡಿದ್ದರು; ಅವರ ಹೆಂಡತಿಗೆ ಹೇಳಿ ಬಂದೆ. ನಾಳೆ ವಕ್ಕಲೇರಿ. ಆ ಮನೆಯವರು ಡೈರಿಗೆ ಹಾಲು ಹಾಕಿ ಎಂಟಕ್ಕೆ ವಾಪಸ್ಸಾಗುತ್ತಾರಂತೆ. ಮೊದಲ ಬಸ್ಸು ಹಿಡಿದರೆ ಅವರು ಬರುವಷ್ಟರಲ್ಲಿ ಬಾಗಿಲಲ್ಲಿರುತ್ತೇನೆ.