ಜಪ್ತಿಗೆ ಬರುವ ಎವಿಲಾಸಿಯೊ
ಮಿನಾಸ್ ಬೆಟ್ಟಸಾಲಿನ ನಮ್ಮೂರಿನ ಕೋರ್ಟ್ ಅಮೀನ ಎವಿಲಾಸಿಯೊ ಜಪ್ತಿಗೆ ಬಂದರೂ ನೆಂಟನ ಹಾಗೆ ಅಡುಗೆಮನೆಯ ಬಾಗಿಲಿಂದಲೇ ಬರುತ್ತಾನೆ. ಕಂಗಾಲಾಗಿ ನಿಂತ ಮನೆಯೊಡತಿಗೆ, "ಹೆದರ್ಬೇಡಿ ಅಕ್ಕ, ನಮ್ಮ ಬ್ರೆಜಿಲ್ ಕಾನೂನಲ್ಲಿ ಸಾಲಕ್ಕೆ ಅಂತ ವಾಸದ ಮನೆ ಮುಟ್ಟೋ ಹಾಗಿಲ್ಲ. ಒಲೆ, ಮಂಚಾನೂ ನಿಮ್ದೇ. ಮೊದ್ಲು ಕಾಫಿ ಕೊಡಿ," ಎನ್ನುತ್ತಾನೆ. ಜೋಳದ ಕೇಕು ತಿನ್ನುತ್ತಾ ಗೋಡೆ ತಟ್ಟಿ, "ಇದನ್ನ ಬ್ಯಾಂಕಿನವರ ಅಪ್ಪ ಬಂದ್ರೂ ಅಲ್ಲಾಡ್ಸೋಕಾಗಲ್ಲ," ಎಂದು ಹೇಳಿ, ಬೀದಿಯಲ್ಲಿ ನಿಂತ ಕಾರನ್ನಷ್ಟೇ ಜಪ್ತಿ ಮಾಡಿಕೊಂಡು ಹೋಗುತ್ತಾನೆ. ಅವನು ಬಂದುಹೋದ ಮೇಲೆಯೇ ಸಾಲ ಮಾಡಿದವರಿಗೆ ಕಣ್ತುಂಬ ನಿದ್ದೆ ಬರುತ್ತದೆಂದು ಊರಿನ ಮಾತು. ಆದರೆ ಇನ್ನೊಬ್ಬರ ಬಾಡಿಗೆಗೆ ಜಾಮೀನು ನಿಂತವರ ಮನೆಯನ್ನು ಆ ಕಾನೂನು ಕಾಯುವುದಿಲ್ಲ. ತಂಗಿಯ ಮಗನ ಅಂಗಡಿ ಬಾಡಿಗೆಗೆ ಹಾಗೆ ಸಹಿ ಹಾಕಿದ್ದ ಮುದುಕಿ ಜುಲ್ಮೀರಾಳ ಮನೆಗೆ ಹೋದ ದಿನ ಅವನು ಕಾಫಿ ಮುಟ್ಟಲಿಲ್ಲ. "ಕೂತ್ಕೊಳ್ಳಿ ಅಮ್ಮ. ಈ ಸಲ ಮನೇನೇ ಹೋಗುತ್ತೆ," ಎಂದ. ಮನೆ ಹರಾಜಾಯಿತು. ಆಕೆಯ ಒಲೆ, ಮಂಚ, ಕೋಳಿಗಳನ್ನೆಲ್ಲ ಅವನೇ ಹೊತ್ತು ತಂದು ತನ್ನ ಹಿತ್ತಿಲ ಕೋಣೆಯಲ್ಲಿಟ್ಟ. ಈಗಲೂ ತಿಂಗಳು ತುಂಬಿದಾಗಲೆಲ್ಲ ಜುಲ್ಮೀರಾ, "ಬಾಡಿಗೆ ಎಷ್ಟಪ್ಪಾ?" ಎಂದು ಕೇಳುತ್ತಾಳೆ. "ನಿಮಗೆ ಜಾಮೀನು ನಿಲ್ಲೋರು ಸಿಕ್ಕಿದ್ಮೇಲೆ ಹೇಳ್ತೀನಮ್ಮ," ಎನ್ನುತ್ತಾನೆ ಎವಿಲಾಸಿಯೊ.